ಕಾಯಿ ಕೊಳ್ಳದ ವ್ಯಾಪಾರಿ

ಬೆಳಿಗ್ಗೆ ಆರೂಕಾಲಿಗೆ ಹಿರೀಸಾವೆಯಲ್ಲಿ ಬಸ್ಸು ಇಳಿಯುವ ಚಿಕ್ಕಯ್ಯನವರನ್ನು ಯಾರು ನೋಡಿದರೂ ತೆಂಗಿನಕಾಯಿ ವ್ಯಾಪಾರಿ ಅಂತಲೇ ಅಂದುಕೊಳ್ಳುತ್ತಾರೆ. ಹೆಗಲ ಮೇಲೆ ಗೋಣಿಚೀಲ, ಎತ್ತಿ ಕಟ್ಟಿದ ಪಂಚೆ. ಹೋಟೆಲಿನ ಬೆಂಚಿನ ಮೇಲೆ ಟೀ ಹಿಡಿದು ಕೂತು, "ನಿಮ್ ಕಡೆ ಕಾಯಿ ಎಂಗೈತಣ್ಣ ಈ ಸಲ?" ಎಂದು ವಿಚಾರಿಸುತ್ತಾರೆ. ಗೋಣಿಚೀಲದೊಳಗೆ ಇರುವುದು ಮಾತ್ರ ಒಂದೇ ಒಂದು ಹಾಳೆ.

ಐವತ್ಮೂರು ವರ್ಷದ ಚಿಕ್ಕಯ್ಯ ಹಾಸನದಲ್ಲಿ ಪೊಲೀಸರ ಮೇಲಿನ ದೂರು ಕೇಳುವ ಜನದೂರು ಕೋಶದ ಗುತ್ತಿಗೆ ಜವಾನ. ಸಾಕ್ಷಿಗಳಿಗೆ ನೋಟಿಸು ಮುಟ್ಟಿಸಿ, ವಿಚಾರಣೆಯ ದಿನ ಅವರನ್ನು ಕರೆತರುವುದು ಕೆಲಸ. ಸರ್ಕಾರಿ ಕವರು ಹಿಡಿದು ಊರೊಳಗೆ ಕಾಲಿಟ್ಟರೆ ಸಂಜೆಯೊಳಗೆ ಠಾಣೆಗೆ ಸುದ್ದಿ ಹೋಗುತ್ತದೆ. ಮರುದಿನ ಸಾಕ್ಷಿಯ ಮನೆಗೆ ಬೀಗ. ಅದಕ್ಕೇ ಈ ವೇಷ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಕಾಯಿ ವ್ಯಾಪಾರಿ. ಅರಕಲಗೂಡಿನ ಕಡೆ ಶುಂಠಿ ವ್ಯಾಪಾರಿ.

"ಒಂದ್ಸಲ ಹೊಳೆನರಸೀಪುರದ ತಾವ ಒಬ್ಬಯ್ಯ ನನ್ನ ಮಾತು ನಂಬ್ಕಂಡು ನಾನೂರು ಕಾಯಿ ಸುಲ್ದು ಗುಡ್ಡೆ ಆಕ್ಬುಟ್ಟಿದ್ದ ಸಾ. 'ಎತ್ತಲಾ ಮೂಟೆಯ, ಯಾಪಾರಿ ಅಂತೆ ಯಾಪಾರಿ' ಅಂತ ಮೈಮೇಲೇ ಬಂದ. ನಿಜವಾದ್ ಯಾಪಾರಿ ಉಡ್ಕಿ ಕಳ್ಸೋ ಒತ್ಗೆ ಸಾಕಾಗೋಯ್ತು," ಎನ್ನುತ್ತಾರೆ ಚಿಕ್ಕಯ್ಯ.

ದಿನಕ್ಕೆ ನಾಲ್ಕು ಬಸ್ಸು, ಮೂರು ಊರು. ಆರು ವರ್ಷದಲ್ಲಿ ಅವರು ಕರೆತಂದ ಸಾಕ್ಷಿಗಳು ಇನ್ನೂರ ಹನ್ನೊಂದು. ಪ್ರತಿ ಮಾರ್ಚಿಗೆ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕಾಯುವುದು ಬೇರೆ.

ಆ ಸಾಕ್ಷಿಗಳಲ್ಲೊಬ್ಬರಾಗಲು ಪಾಪಮ್ಮನವರನ್ನು ಒಪ್ಪಿಸುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಇದು ಆಕೆಯ ನಿಜವಾದ ಹೆಸರಲ್ಲ, ಗುರುತುಗಳನ್ನೂ ಬದಲಿಸಿದೆ. ಮಗನಿಗೆ ಬುತ್ತಿ ಹಿಡಿದು ಠಾಣೆಗೆ ಹೋದಾಗ ಅವನನ್ನು ಹೊಡೆಯುತ್ತಿದ್ದುದನ್ನು ಕಣ್ಣಾರೆ ಕಂಡವರು ಆಕೆಯೊಬ್ಬರೇ. ಮಗನಿಗೆ ಈಗ ಎಡಗಿವಿ ಕೇಳಿಸುವುದಿಲ್ಲ. ಕಡೆಗೂ ಆಕೆ ನೋಟಿಸಿಗೆ ಹೆಬ್ಬೆಟ್ಟು ಒತ್ತಿದಾಗ, ಚಿಕ್ಕಯ್ಯ ನಿಯಮದಂತೆ ಮೊಬೈಲಿನಲ್ಲಿ ಆಕೆಯ ಒಂದು ಫೋಟೊ ತೆಗೆದು ಕಚೇರಿಗೆ ಕಳಿಸಿದರು. ನೋಟಿಸು ಮುಟ್ಟಿದ್ದಕ್ಕೆ ಪುರಾವೆ.

ಅಷ್ಟರಲ್ಲಿ ಕೋಶಕ್ಕೆ ಹೊರದೇಶದ ಅತಿಥಿಗಳು ಬಂದರು. ಐದು ದೇಶಗಳ ಭ್ರಷ್ಟಾಚಾರ ತಡೆ ಸಂಸ್ಥೆಗಳು, ಪೊಲೀಸರ ಮೇಲೆ ಕಣ್ಣಿಡುವ ಸಂಸ್ಥೆಗಳು ಒಬ್ಬರಿಂದೊಬ್ಬರು ಕಲಿಯುವ ಒಪ್ಪಂದವಂತೆ. ವಿಚಾರಣೆಯ ಕೊಠಡಿಗೆ ಬಣ್ಣ, ಬಾಗಿಲಿಗೆ ತೋರಣ. ಪಾಪಮ್ಮನ ವಿಚಾರಣೆ ಮುಂದಕ್ಕೆ. ಗೇಟಿನಲ್ಲಿ ಹತ್ತಡಿಯ ಫ್ಲೆಕ್ಸು: 'ಸಾಕ್ಷಿಗಳ ವಿಶ್ವಾಸವೇ ನಮ್ಮ ಬಲ'. ಅದರ ನಡುಮಧ್ಯೆ, ಮಸಿಯಾದ ಹೆಬ್ಬೆಟ್ಟಿನ ಪಾಪಮ್ಮ. ಬಂದೋಬಸ್ತಿಗೆ ನಿಂತಿದ್ದವರಲ್ಲಿ ಅದೇ ಠಾಣೆಯವರೂ ಇದ್ದರು.

"ಸಾ, ಅದ ತೆಗ್ಸಿ ಸಾ," ಎಂದು ಚಿಕ್ಕಯ್ಯ ವ್ಯವಸ್ಥಾಪಕ ರಂಗಸ್ವಾಮಿಯವರ ಹಿಂದೆ ಬಿದ್ದರು.

"ಫಾರಿನ್ನವರು ಕಾರು ಇಳೀತಿದ್ದಾರೆ, ಈಗ ಬೋರ್ಡು ಕೀಳ್ಬೇಕೇನಯ್ಯ? ಹೋಗು, ಬಾದಾಮಿ ಹಾಲು ಹಂಚು."

ಅತಿಥಿಗಳಲ್ಲೊಬ್ಬ ಹೆಂಗಸು ಫ್ಲೆಕ್ಸಿನ ಮುಂದೆಯೇ ನಿಂತುಬಿಟ್ಟರು. ಅವರ ಪ್ರಶ್ನೆಯನ್ನು ದುಭಾಷಿ ಹುಡುಗಿ ಕನ್ನಡಕ್ಕೆ ತಂದಳು: "ಈ ಅಮ್ಮನ್ನ ಕೇಳಿ ಫೋಟೊ ಹಾಕಿದ್ದೀರಾ?"

"ಕೇಳಿದ್ದೀವಿ, ಒಪ್ಪಿದ್ದಾರೆ," ಎಂದರು ರಂಗಸ್ವಾಮಿ. ಪಕ್ಕದಲ್ಲೇ ಟ್ರೇ ಹಿಡಿದಿದ್ದ ಚಿಕ್ಕಯ್ಯ ಮುಂದಿನ ಅತಿಥಿಗೆ ಲೋಟ ಚಾಚಿದರು.

"ಊರೋರ್ಗೆಲ್ಲ 'ಎದ್ರುಬ್ಯಾಡಿ, ಕಂಡದ್ದ ಏಳಿ' ಅಂತ ತಿರುಗ್ದೋನು ನಾನು. ಅವತ್ತು ಬಾದಾಮಿ ಆಲು ಇಡ್ಕಂಡು ನಿಂತಿದ್ದೆ ಸಾ."

ಆ ಹೆಂಗಸು ಮರೆಯಲಿಲ್ಲ. ಎರಡು ತಿಂಗಳಾದ ಮೇಲೆ ಅವರ ಕಚೇರಿಯಿಂದ ಪತ್ರ ಬಂತು: ಒಪ್ಪಿಗೆಯ ಪ್ರತಿ ಕಳಿಸಿ. ರಂಗಸ್ವಾಮಿ ಹಿಂದಿನ ತಾರೀಖು ಹಾಕಿ ಒಂದು ಒಪ್ಪಿಗೆ ಪತ್ರ ಟೈಪು ಮಾಡಿಸಿದರು. "ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ. ಮಾರ್ಚಿ ಹತ್ರ ಬಂತು, ನೋಡ್ಕೊ." ಇವತ್ತು ಗೋಣಿಚೀಲದಲ್ಲಿರುವುದು ಆ ಹಾಳೆ.

ಹಿರೀಸಾವೆಯಿಂದ ಒಳಗಿನ ಹಳ್ಳಿಯಲ್ಲಿ, ಮನೆಯ ಅಂಗಳದಲ್ಲಿ ಪಾಪಮ್ಮ ಸಗಣಿ ಬಾಚುತ್ತಿದ್ದಾರೆ. "ಇನ್ಯಾತರ ಕಾಯಿ ಯಾಪಾರನಪ್ಪ? ನನ್ ಮಕವ ಊರಿಗೆಲ್ಲ ತೋರ್ಸಾಯ್ತಲ್ಲ. ಠಾಣೆಯೋರು ಎಲ್ಡು ಸಲ ಬಾಗ್ಲು ತಟ್ಟೋದ್ರು."

ಹಾಳೆಯಲ್ಲಿ ಏನಿದೆ, ಯಾಕೆ ಬಂದೆ, ಒತ್ತದಿದ್ದರೆ ತನಗೇನಾಗುತ್ತದೆ, ಎಲ್ಲವನ್ನೂ ಚಿಕ್ಕಯ್ಯ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಆಕೆ ಕೈ ತೊಳೆದುಕೊಂಡು ಬರುತ್ತಾರೆ. "ಕೊಡು, ಒತ್ತೀನಿ. ನಿನ್ ಅನ್ನ ಯಾಕ್ ಕಳೀಲಿ? ಒಂದೇ ಮಾತು ಏಳು. ನನ್ನ ಯಾರಾರ ಕೇಳಿದ್ರೇನಪ್ಪ?"

"ಇಲ್ಲ ಕಣವ್ವ."

ಚಾಚಿದ ಆ ಹೆಬ್ಬೆರಳಿನ ಮುಂದೆ ಚಿಕ್ಕಯ್ಯ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ವಿಚಾರಣೆಗೆ ಬರುತ್ತೀಯಾ ಎಂದು ಕೇಳಲು ಬಾಯಿ ಬರುವುದಿಲ್ಲ. ಆಕೆಯೂ ಬರುತ್ತೇನೆ ಅನ್ನುವುದಿಲ್ಲ. ಅವರು ಬೀದಿ ದಾಟುವ ಮೊದಲೇ ಒಳಗಿನಿಂದ ಚಿಲಕ ಬೀಳುತ್ತದೆ.

ಹನ್ನೊಂದಕ್ಕೆ ಹಾಸನ. ಕಚೇರಿಯ ಮೆಟ್ಟಿಲ ಮೇಲೆ ಕೂತು ಹಾಳೆಯ ಬೆನ್ನಿಗೆ ಬರೆಯುತ್ತಾರೆ: 'ಈ ಅಮ್ಮನನ್ನು ಯಾರೂ ಕೇಳಿಲ್ಲ. ಫೋಟೊ ತೆಗೆದವನು ನಾನು. ತೆಗೆಸಿ ಅಂದರೂ ಫ್ಲೆಕ್ಸು ತೆಗೆಸಲಿಲ್ಲ.' ಕೆಳಗೆ ಸಹಿ. ಅದನ್ನು ಕಚೇರಿಯ ಟಪಾಲು ಮೇಜಿಗೆ ಕೊಟ್ಟು ಬಂದದ್ದಕ್ಕೆ ಸೀಲು ಹಾಕಿಸಿ, ಒಂದು ಜೆರಾಕ್ಸನ್ನು ಅಂಚೆ ಕಚೇರಿಯಲ್ಲಿ ಆ ಹೆಂಗಸಿನ ವಿಳಾಸಕ್ಕೆ ರಿಜಿಸ್ಟರ್ ಮಾಡಿಸುತ್ತಾರೆ.

ಈ ಬರಹದ ಜೊತೆ ಫೋಟೊ ಇಲ್ಲ. "ನನ್ನೆಸ್ರು ಆಕಿ ಸಾ, ಆಯಮ್ಮನ್ದು ಬ್ಯಾಡ," ಎಂದವರು ಚಿಕ್ಕಯ್ಯನವರೇ. ಮಾರ್ಚಿಯ ಮಾತೆತ್ತಿದರೆ ಗೋಣಿಚೀಲ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. "ತೆಗುದ್ರೆ ನಿಜವಾಗ್ಲೂ ಕಾಯಿ ಯಾಪಾರ ಮಾಡದು, ಬುಡಿ." ಎರಡು ಹೆಜ್ಜೆ ಹೋದವರು ತಿರುಗಿ ನಿಲ್ಲುತ್ತಾರೆ.

"ಇನ್ನೂರಾ ಅನ್ನೊಂದು ಜನವ ಸಾಕ್ಷಿ ಏಳಕ್ಕೆ ಕರ್ಕಂಬಂದಿದ್ದೆ ಸಾ. ನಾನೊಬ್ಬ ಬಾಕಿ ಇದ್ದೆ."