ಅಕ್ಕನಿಗೆಂದು ತಂದ ಟಿವಿ

ನಮ್ಮ ಭಾವ ಟಿವಿ ರಿಪೇರಿಯವರು. ಟಿವಿಗಳು ಮೂಟೆಯಷ್ಟು ದಪ್ಪಗಿದ್ದ ಕಾಲದಲ್ಲಿ ಸುತ್ತಲಿನ ಏಳೆಂಟು ಬೀದಿಗೆ ಅವರೊಬ್ಬರೇ ಗತಿ. ಟಿವಿಯ ಮುಂದೆ ದೊಡ್ಡ ಕನ್ನಡಿಯೊಂದನ್ನು ನಿಲ್ಲಿಸಿ, ತಾವು ಅದರ ಬೆನ್ನ ಹಿಂದೆ ಕೂತು, ಕನ್ನಡಿಯಲ್ಲಿ ಚಿತ್ರ ನೋಡಿಕೊಂಡು ಒಳಗಿನ ತಿರುಪು ತಿರುಗಿಸುತ್ತಿದ್ದರು. ಅದಕ್ಕೇ ಎಲ್ಲರ ಬಾಯಲ್ಲೂ ಅವರು ಕನ್ನಡಿ ಮೆಕ್ಯಾನಿಕ್. ಹೊಗಳುವುದಕ್ಕೆ ನನಗೇನೂ ಮನಸ್ಸಿಲ್ಲ. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು: ಆ ಕೆಲಸದಲ್ಲಿ ಅವರದು ಎತ್ತಿದ ಕೈ.

ಇಂಥವರ ಮನೆಯ ಟಿವಿ ಹೇಗಿರಬೇಕು? ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಮೂವತ್ತೊಂದು ವರ್ಷ ಸಂಸಾರ ಮಾಡಿದಳು. ಒಂದು ವಾರ ಪೂರ್ತಿ ನೆಟ್ಟಗಿನ ಚಿತ್ರ ನೋಡಿದವಳಲ್ಲ. ಗಿರಾಕಿಗಳು ಬಿಟ್ಟುಹೋದ, ಅರೆಬರೆ ರಿಪೇರಿಯಾದ ಡಬ್ಬಗಳೇ ಅವಳ ಪಾಲಿಗೆ. ಒಂದರಲ್ಲಿ ಎಲ್ಲರ ಮುಖವೂ ಹಸಿರು. ಇನ್ನೊಂದರಲ್ಲಿ ಸೊಂಟದಿಂದ ಕೆಳಗೆ ಯಾರಿಗೂ ಮೈಯೇ ಇಲ್ಲ. ಎರಡು ವರ್ಷ ಒಂದರ ಮೇಲೊಂದು ಟಿವಿ ಪೇರಿಸಿಟ್ಟಿದ್ದರು. ಮೇಲಿನದರಲ್ಲಿ ಚಿತ್ರ, ಕೆಳಗಿನದರಲ್ಲಿ ದನಿ. "ನಮ್ಮನೇಲಿ ಬಾಯಿ ಆಡಿಸೋರು ಒಬ್ರು, ಮಾತಾಡೋರು ಇನ್ನೊಬ್ರು" ಅಂತ ಅಕ್ಕ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಯಾವುದಾದರೊಂದು ಸರಿಹೋಯಿತು ಅನ್ನುವಷ್ಟರಲ್ಲಿ ಭಾವ ಅದನ್ನು ಯಾರಿಗೋ ಕೊಟ್ಟುಬಿಡುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಧಾರಾವಾಹಿ ಅಂದರೆ ಪ್ರಾಣ ಬಿಡುತ್ತಿದ್ದ ಅಕ್ಕ ಒಂದು ದಿನ ನನ್ನ ಹತ್ತಿರ ಅಂದಳು: "ಸಾಯೋದ್ರೊಳಗೆ ಒಂದ್ಸಲ ಮನುಷ್ಯರ ಬಣ್ಣದ ಮನುಷ್ಯರನ್ನ ಟಿವೀಲಿ ನೋಡ್ಬೇಕು ಕಣೇ." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಆಮೇಲೆ ತೆಳ್ಳಗಿನ ಟಿವಿಗಳು ಬಂದವು, ಭಾವನ ಅಂಗಡಿ ಹೋಯಿತು. ಅಂಗಡಿಯ ಸಾಮಾನೆಲ್ಲ ಮನೆಯ ಮುಂದಿನ ಕೋಣೆಗೆ ಬಂದು ತುಂಬಿಕೊಂಡಿತು. ಹೊಸ ಟಿವಿಗಳನ್ನು ಭಾವ ಕೈಯಲ್ಲೂ ಮುಟ್ಟಲಿಲ್ಲ. "ಅದು ಬಿಸಾಕೋ ಮಾಲು. ಅದರೊಳಗೆ ಕೈ ಹಾಕೋಕೆ ಏನಿದೆ?" ಅನ್ನುತ್ತಿದ್ದರು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿಯಲ್ಲಿ ಹೊಟ್ಟೆ ಹೊರೆಯುತ್ತಿದ್ದರು. ಮಿಕ್ಸಿ ತಂದವರು ಮೆಕ್ಯಾನಿಕ್ ಅಂತ ಕರೆದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಹೃದಯವೂ ಸೋತಿದೆ ಎಂದರು ಡಾಕ್ಟರು. "ಮನೆಗೆ ಕರ್ಕೊಂಡು ಹೋಗಿ. ಹೆಚ್ಚಂದ್ರೆ ಒಂದು ತಿಂಗಳು, ಒಂದೂವರೆ ತಿಂಗಳು. ಅವರಿಗೇನಿಷ್ಟವೋ ಅದನ್ನ ಮಾಡಿ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಭಾವ ನನ್ನನ್ನು ಕೇಳಿದರು, "ಅವಳಿಗೇನಿಷ್ಟ?"

ನನಗೆ ಮೈಯೆಲ್ಲ ಉರಿದುಹೋಯಿತು. "ಮೂವತ್ತೊಂದು ವರ್ಷ ಅವಳ ಜೊತೆ ಬಾಳಿ ಈಗ ನನ್ನ ಕೇಳ್ತೀರಲ್ಲ ಭಾವ! ನಾಚಿಕೆ ಆಗಲ್ವಾ?" ಅಂದೆ. ಅಂದಮೇಲೆ ಅಕ್ಕನ ಆ ಮಾತನ್ನೂ ಹೇಳಿದೆ, ಮನುಷ್ಯರ ಬಣ್ಣದ ಮನುಷ್ಯರು ಅಂದದ್ದನ್ನು. ಅವರು ನಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು.

ಮಾರನೇ ದಿನ ಗುಜರಿಯವನ ಗಾಡಿ ಬಾಗಿಲಿಗೆ ಬಂತು. ಹಳೇ ಟಿವಿಗಳ ಪಿಕ್ಚರ್ ಟ್ಯೂಬುಗಳು, ತಾಮ್ರದ ಸುರುಳಿಗಳು, ಕೊನೆಗೆ ಆ ಕನ್ನಡಿ ಕೂಡ ಹೋಯಿತು. ಖಾಲಿಯಾದ ಮುಂದಿನ ಕೋಣೆಯಲ್ಲಿ ಅಕ್ಕನ ಮಂಚ ಹಾಕಿದೆವು. ಗುಜರಿಯಿಂದ ಬಂದ ದುಡ್ಡಿಗೆ ಭಾವ ತಮ್ಮ ಕೈಯಲ್ಲಿದ್ದದ್ದನ್ನು ಸೇರಿಸಿದರು. ನಾನು ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹಾಕುವವಳು. ನನ್ನ ಕೈಲಾದದ್ದನ್ನು ನಾನೂ ಕೊಟ್ಟೆ, ರಜೆ ಹಾಕಿ ಅಕ್ಕನ ಆರೈಕೆಗೆ ಅಲ್ಲೇ ಉಳಿದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ. ಇಷ್ಟರೊಳಗೆ ಇದ್ದುದರಲ್ಲಿ ಒಳ್ಳೆಯದನ್ನು ಆರಿಸಬೇಕು, ಅದೂ ಬೇಗ.

ಅಂಗಡಿಯಲ್ಲಿ ಗೋಡೆ ತುಂಬ ಟಿವಿ. ಎಲ್ಲದರಲ್ಲೂ ಒಂದೇ ಗಿಳಿ, ಒಂದೇ ಜಲಪಾತ. ಟೈ ಕಟ್ಟಿದ ಸೇಲ್ಸ್‌ಮನ್ ಎಚ್‌ಡಿ ಅಂದ, ಫುಲ್ ಎಚ್‌ಡಿ ಅಂದ. ಭಾವ ಅವನ ಮಾತಿಗೆ ತಲೆಯಾಡಿಸುತ್ತ ಜೇಬಿನಿಂದ ಭೂತಗನ್ನಡಿ ತೆಗೆದು ಗಿಳಿಯ ರೆಕ್ಕೆಗೆ ಹಿಡಿದರು. ಕೆಂಪು, ಹಸಿರು, ನೀಲಿ ಚುಕ್ಕಿಗಳನ್ನು ಒಂದೊಂದಾಗಿ ನೋಡಿದರು. "ಗಿಳಿ ಸಾಕು, ಮನುಷ್ಯರನ್ನ ಹಾಕಪ್ಪ" ಅಂದರು. ಸುದ್ದಿ ಓದುವ ಹೆಂಗಸಿನ ಕೆನ್ನೆ ನೋಡಿದರು, ಕಪ್ಪು ಕೂದಲು ನೋಡಿದರು, ಕೆಳಗೆ ಓಡುವ ಅಕ್ಷರಗಳ ಅಂಚು ನೋಡಿದರು. ಟಿವಿಯ ಬೆನ್ನಿಗೆ ಕಿವಿ ಇಟ್ಟು ದನಿ ಕೇಳಿದರು. ಸೇಲ್ಸ್‌ಮನ್ ನನ್ನ ಕಡೆ ತಿರುಗಿ ಕಣ್ಣಲ್ಲೇ ನಕ್ಕ. ನಗಲಿ ಬಿಡು ಅಂದುಕೊಂಡೆ. ಅಷ್ಟು ವರ್ಷದಲ್ಲಿ ಮೊದಲನೇ ಸಲ ನನಗೆ ಭಾವನ ಮೇಲೆ ಅಭಿಮಾನ ಬಂದಿತ್ತು.

ಅಳೆದು ಸುರಿದು ಕೊನೆಗೆ ಎರಡು ಉಳಿದವು. ಒಂದು ದೊಡ್ಡದು, ಮೂವತ್ತೆರಡು ಇಂಚಿನದು. ಇನ್ನೊಂದು ಪುಟ್ಟದು, ಆದರೂ ಬೆಲೆ ಅದಕ್ಕಿಂತ ಕೊಂಚ ಜಾಸ್ತಿ.

"ಚಿಕ್ಕದಕ್ಕೆ ಯಾಕಪ್ಪ ಜಾಸ್ತಿ?" ಅಂದರು ಭಾವ.

"ಇದ್ರ ಪ್ಯಾನಲ್ ಬೇರೆ ಸರ್. ಪಕ್ಕದಿಂದ, ಕೆಳಗಿಂದ, ಯಾವ ಕಡೆಯಿಂದ ನೋಡಿದ್ರೂ ಒಂದೇ ಥರ ಕಾಣುತ್ತೆ."

ಭಾವ ಜೋರಾಗಿ ನಕ್ಕುಬಿಟ್ಟರು. "ಟಿವಿ ಅಂದ್ಮೇಲೆ ಯಾವ ಕಡೆಯಿಂದ ನೋಡಿದ್ರೂ ಕಾಣ್ಲೇಬೇಕಲ್ಲಪ್ಪ! ಅದಕ್ಕೂ ದುಡ್ಡು ಕೇಳ್ತೀರಾ? ಮೂವತ್ತು ವರ್ಷ ಈ ಕೆಲಸ ಮಾಡಿದೋನು ನಾನು. ಯಾರ ಕಿವಿಗೆ ಹೂ ಇಡ್ತೀಯ?"

ಸೇಲ್ಸ್‌ಮನ್ ದೊಡ್ಡದರ ಡಬ್ಬ ತರಲು ಹೋದ. ದೊಡ್ಡದನ್ನೇ ಕಟ್ಟಿಸಿದೆವು. ಭಾವನ ಮುಖದಲ್ಲಿ ಮೋಸಗಾರನನ್ನು ಹಿಡಿದ ಪೊಲೀಸಿನವನ ಗತ್ತು ಇತ್ತು.

ಎತ್ತರಕ್ಕೆ ಹಾಕಿ ಅಂದವಳು ನಾನು. ಇದನ್ನು ಮುಚ್ಚಿಡುವುದಿಲ್ಲ. ಕೋಣೆ ಚಿಕ್ಕದು, ಮಂಚದ ಸುತ್ತ ಬಕೆಟ್ಟು, ಬೇಸಿನ್ನು, ಒದ್ದೆ ಬಟ್ಟೆ, ನನ್ನ ಓಡಾಟ. ಕೈ ತಗುಲಿ ಒಡೆದುಹೋದರೆ ಅಂತ ಭಯ. ಭಾವ ಮಂಚದ ಕಾಲ ಕಡೆಯ ಗೋಡೆಯಲ್ಲಿ, ನನ್ನ ತಲೆಗಿಂತ ಮೇಲೆ ತೂತು ಕೊರೆದು, ಮಟ್ಟಗೋಲು ಇಟ್ಟು ನೋಡಿ, ಟಿವಿ ಕೂರಿಸಿದರು. ಮಂಚದ ಪಕ್ಕ ನಿಂತು ಟಿವಿ ಹಾಕಿದರು. ಎಂಥ ಚಿತ್ರ! ಧಾರಾವಾಹಿಯ ಅತ್ತೆಯ ಹುಬ್ಬಿನ ಒಂದೊಂದು ಕೂದಲೂ ಎಣಿಸಬಹುದಿತ್ತು. ಅವಳು ಅಳುತ್ತಿದ್ದರೆ ಕಣ್ಣಂಚು ಕೆಂಪಗಾಗಿದ್ದೂ ಕಾಣುತ್ತಿತ್ತು.

"ನೋಡೇ," ಅಂದರು ಭಾವ ಅಕ್ಕನಿಗೆ. "ಮನುಷ್ಯರ ಬಣ್ಣ. ನೋಡು."

ಅಕ್ಕ ಕಣ್ಣರಳಿಸಿ ನೋಡಿದಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಎಡಗೈ ಎತ್ತಿ, ಅಂಗೈ ನೆಲದ ಕಡೆ ಮಾಡಿ, ಮೆಲ್ಲಗೆ ಕೆಳಕ್ಕೆ ಒತ್ತುವ ಹಾಗೆ ಆಡಿಸಿದಳು. ಭಾವ ಸೌಂಡು ಕಮ್ಮಿ ಮಾಡಿದರು. ಅವಳು ಮತ್ತೆ ಹಾಗೇ ಮಾಡಿದಳು. ಇನ್ನೂ ಕಮ್ಮಿ ಮಾಡಿದರು. ಮತ್ತೆ ಅದೇ. "ಬೇಡ್ವಂತೆ ಭಾವ, ತಲೆನೋವೇನೋ" ಅಂದೆ ನಾನು. ಭಾವ ಟಿವಿ ಆರಿಸಿದರು. ಅಕ್ಕ ಕಣ್ಣು ಮುಚ್ಚಿದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿದೆ. ಕಾಯಿಲೆಯವರ ಕಣ್ಣಲ್ಲಿ ನೀರು ಬರುವುದೇನೂ ಹೊಸದಲ್ಲ ಅಂದುಕೊಂಡೆ.

ದಿನಾ ಸಂಜೆ ಧಾರಾವಾಹಿಯ ಹೊತ್ತಿಗೆ ಭಾವ ಟಿವಿ ಹಾಕುವರು. ದಿನಾ ಅವಳ ಕೈ ಹಾಗೇ ಆಡುವುದು, ಇವರು ಸೌಂಡು ಇಳಿಸುವರು. ನಾಲ್ಕನೇ ದಿನದಿಂದ ಅವಳು ಕೈ ಎತ್ತಲಿಲ್ಲ, ಮುಖವನ್ನೇ ಪಕ್ಕದ ಗೋಡೆಯ ಕಡೆ ತಿರುಗಿಸಿಕೊಳ್ಳತೊಡಗಿದಳು. ಒಂದು ದಿನ ಭಾವನ ತಾಳ್ಮೆ ಕೆಟ್ಟಿತು. "ಇಷ್ಟು ವರ್ಷ ಟಿವಿ ಟಿವಿ ಅಂತ ಪ್ರಾಣ ತಿಂದೆ. ಇದ್ದಬದ್ದದ್ದೆಲ್ಲ ಮಾರಿ ತಂದ್ರೆ ಮುಖ ತಿರುಗಿಸ್ತೀಯಾ? ಅಷ್ಟು ಹಠಾನಾ ನನ್ನ ಮೇಲೆ?" ಅಂತ ಕೂಗಾಡಿದರು. ನಾನು ತಡೆಯಲಿಲ್ಲ. ತಡೆಯುವುದಿರಲಿ, "ಅವರ ಮುಖ ನೋಡ್ಕೊಂಡಾದ್ರೂ ಸ್ವಲ್ಪ ನೋಡಕ್ಕ" ಅಂತ ನಾನೂ ಗದರಿದೆ. ಅವಳ ಗಲ್ಲ ಹಿಡಿದು ಟಿವಿಯ ಕಡೆ ತಿರುಗಿಸಿದೆ. ಅವಳು ಕಣ್ಣು ಬಿಡಲಿಲ್ಲ. ಇನ್ನೊಂದು ಸಂಜೆ ನೆಲದಲ್ಲಿ ಕೂತು ಅವಳ ಕಾಲಿನ ಉಗುರು ಕತ್ತರಿಸುವಾಗ ತಲೆಯೆತ್ತಿ ನೋಡಿದರೆ ಚಿತ್ರ ಮಬ್ಬು ಮಬ್ಬು. ಕಿಟಕಿಯ ಬೆಳಕು ಬಿದ್ದಿರಬೇಕು ಅಂತ ಕಿಟಕಿ ಮುಚ್ಚಿ ಬಂದೆ. ಅಷ್ಟೇ. ಇನ್ನು ಅರೆಗಳಿಗೆ ಅಲ್ಲೇ ಕೂತು ಯೋಚಿಸಿದ್ದರೆ ತಿಳಿಯುತ್ತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಟಿವಿ ಬಂದ ಹತ್ತೊಂಬತ್ತನೇ ದಿನ ಬೆಳಿಗ್ಗೆ, ನಾನು ಬಟ್ಟೆ ಹಿಂಡಿ ಒಳಗೆ ಬರುವಷ್ಟರಲ್ಲಿ, ಅಕ್ಕ ಹೋಗಿದ್ದಳು.

ಬರುವವರು ಬಂದರು, ಹೋಗುವವರು ಹೋದರು. ಮಕ್ಕಳಿಲ್ಲದ ಮನೆ. ನಾನು ಎರಡು ಹೊತ್ತು ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದೆ. ಭಾವ ನೆಲದ ಮೇಲೆ ಚಾಪೆಯಲ್ಲಿ ಮಲಗಿ ಸೊಂಟ ಹಿಡಿಸಿಕೊಂಡಿದ್ದರು. ಒಂದು ಭಾನುವಾರ ಮಧ್ಯಾಹ್ನ ನಾನೇ ಬೈದೆ: "ಮಂಚ ಇಟ್ಕೊಂಡು ನೆಲದಲ್ಲಿ ಯಾಕೆ ಒದ್ದಾಡ್ತೀರ? ಅದರ ಮೇಲೆ ಮಲಕ್ಕೊಳಿ." ಮನೆ ಬಿಕೋ ಅನ್ನುತ್ತಿತ್ತು. ದನಿಯಾದರೂ ಇರಲಿ ಅಂತ ಟಿವಿ ಹಾಕಿ ಅಡುಗೆಮನೆಗೆ ಹೋದೆ.

ಪಾತ್ರೆ ಅರ್ಧ ತೊಳೆದಿರಬೇಕು. "ಇಲ್ಲಿ ಬಾ" ಅಂತ ಕರೆದರು. ಹೋದೆ. ಅಂಗಾತ ಮಲಗಿ ಟಿವಿಯನ್ನೇ ನೋಡುತ್ತಿದ್ದರು.

"ಟಿವಿ ಕೆಟ್ಟಿದ್ಯಾ?" ಅಂದರು.

ನಿಂತಲ್ಲಿಂದಲೇ ನೋಡಿದೆ. "ಚೆನ್ನಾಗೇ ಇದೆಯಲ್ಲ ಭಾವ."

"ಅಲ್ಲಿಂದಲ್ಲ. ಬಗ್ಗು. ತಲೆ ಇಲ್ಲಿಡು."

ದಿಂಬಿನ ಪಕ್ಕ ತಲೆಯಿಟ್ಟು ನೋಡಿದೆ. ಸುದ್ದಿ ಓದುವ ಹೆಂಗಸಿಗೆ ಮುಖವೇ ಇರಲಿಲ್ಲ. ಮುಖವಿರಬೇಕಾದಲ್ಲಿ ಬೂದುಗಪ್ಪು ಬಣ್ಣದ ಏನೋ ಒಂದು. ಕಣ್ಣಿನ ಜಾಗದಲ್ಲಿ ಬೆಳ್ಳಗಿನ ಎರಡು ಗುಳಿ. ಬಾಯಿ ತೆರೆದರೆ ಹಲ್ಲು ಕಪ್ಪು. ಮೇಲೆದ್ದು ನಿಂತೆ: ಗುಲಾಬಿ ಕೆನ್ನೆ, ಕಪ್ಪು ಕೂದಲು, ಒಳ್ಳೇ ಹೆಂಗಸು. ಮತ್ತೆ ಬಗ್ಗಿದೆ: ಹೆಣ.

ಅಕ್ಕ ಕೈಯಿಂದ ಕೆಳಕ್ಕೆ, ಕೆಳಕ್ಕೆ ಅಂತ ತೋರಿಸಿದ್ದು ಸೌಂಡನ್ನಲ್ಲ, ಟಿವಿಯನ್ನು. ಅಷ್ಟೂ ದಿನ ನಾವು ಅವಳಿಗೆ ಈ ಭೂತಗಳನ್ನು ತೋರಿಸಿದ್ದೆವು. ನೋಡಲಿಲ್ಲ ಅಂತ ಬೈದಿದ್ದೆವು.

ಭಾವ ಮಾತಾಡಿದರು, ನನಗಲ್ಲ, ಚಾವಣಿಗೆ. "ಹಳೇ ಟಿವಿಗಳು ಹೀಗಲ್ಲ. ಗಾಜಿನ ಮೇಲೇ ಬೆಳಕು. ಮಲಗಿ ನೋಡು, ಬಾಗಿಲ ಸಂದಿಯಿಂದ ನೋಡು, ಮುಖ ಮುಖಾನೇ. ಇವು ಹೀಗೆ ಅಂತ ನಂಗೆ ಗೊತ್ತಿರ್ಲಿಲ್ಲ." "ಆ ಅಂಗಡಿಯವನು ಹೇಳ್ದ. ನಾನು ನಕ್ಕೆ" ಅಂದರು.

ಎತ್ತರಕ್ಕೆ ಹಾಕಿ ಅಂದವಳು ನಾನೇ. ನನ್ನದೂ ಪಾಲಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಅಟ್ಟವಳೇ ಹೋದಮೇಲೆ ಆ ಒಲೆ ಯಾರಿಗೆ ಬೇಕು?

ಅವರು ಎದ್ದರು. ಒಂದು ಮರದ ತುಂಡು ಹುಡುಕಿ, ಬೆಣೆಯ ಹಾಗೆ ಓರೆಯಾಗಿ ಎರಡು ಚೂರು ಕೊಯ್ದರು. ಸ್ಟೂಲು ಹತ್ತಿ, ಟಿವಿಯ ಮೇಲಿನ ತಿರುಪು ಸಡಿಲ ಮಾಡಿ, ಹಿಂದೆ ಆ ಚೂರುಗಳನ್ನು ಸೇರಿಸಿದರು. ಟಿವಿ ಮಂಚದ ಕಡೆ ತಲೆ ಬಗ್ಗಿಸಿತು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

"ಮಲಕ್ಕೊಂಡು ನೋಡು" ಅಂದರು.

"ಯಾಕೆ ಭಾವ? ಇನ್ನು ಯಾರಿಗೆ?"

"ನೋಡು ಅಂದೆ."

ಅಕ್ಕನ ಮಂಚದ ಮೇಲೆ ಮಲಗಿದೆ. ಕೆನ್ನೆಗೆ ಕೆನ್ನೆಯ ಬಣ್ಣ ಬಂದಿತ್ತು. ತುಟಿಗೆ ತುಟಿಯ ಬಣ್ಣ. "ಚೆನ್ನಾಗಿ ಕಾಣುತ್ತೆ" ಅಂದೆ.

ಭಾವ ಸ್ಟೂಲಿನ ಮೇಲಿಂದ ತಿರುಗಿ ನನ್ನನ್ನು ನೋಡಿದರು. ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು.

"ಅವಳ ತಲೆ ಅಷ್ಟು ಮೇಲಿರ್ತಿರ್ಲಿಲ್ಲ. ಜಾರಿ ಜಾರಿ ಬಂದುಬಿಡ್ತಿದ್ಲು" ಅಂದರು. "ಇನ್ನೊಂದು ಗೇಣು ಕೆಳಕ್ಕೆ ಬಾ."

ನಾನು ಒಂದು ಗೇಣು ಕೆಳಕ್ಕೆ ಜಾರಿದೆ. ಅವರು ಗೋಡೆಯ ಕಡೆ ತಿರುಗಿ, ತಿರುಪನ್ನು ಇನ್ನೊಂದು ಸುತ್ತು ಸಡಿಲ ಮಾಡಿದರು.