ಇಂದ್ರಮ್ಮನ ಕುಂಬಳಕಾಯಿ ಕೂಸು

ನಮ್ಮತ್ತೆ ಇಂದ್ರಮ್ಮ ಬಚ್ಚಲಲ್ಲಿ ಬಿದ್ದರು ಅಂತ ಯಾರಾದರೂ ಅವರ ಎದುರಿಗೆ ಅಂದರೆ ಕೆಂಡವಾಗುತ್ತಿದ್ದರು. ಅವರ ಪ್ರಕಾರ ಅವರು ಬಿದ್ದದ್ದೇ ಅಲ್ಲ, ಸ್ವಲ್ಪ ಜೋರಾಗಿ ಕೂತದ್ದು. ಜೋರಾಗಿ ಕೂತಿದ್ದಕ್ಕೆ ಬಲಗೈ ಮಣಿಕಟ್ಟು ಮುರಿದು, ಹೊಂಗಡಹಳ್ಳದಿಂದ ಸಕಲೇಶಪುರದವರೆಗೆ ಜೀಪಿನಲ್ಲಿ ಕೈಯನ್ನು ಎದೆಗವುಚಿಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದದ್ದಾಯಿತು. ಆದರೂ ‘ಬಿದ್ದೆ’ ಅನ್ನುವ ಮಾತು ಅವರ ಬಾಯಿಂದ ಹೊರಡಲಿಲ್ಲ. ನಾನು ಅವರ ಸೊಸೆ, ದ್ರಾಕ್ಷಾಯಣಿ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಇಂಥ ಇಬ್ಬರು ಹೆಂಗಸರ ಕೈಯಲ್ಲಿ ಆ ಮನೆ ಹೇಗೆ ನಡೆಯಿತು ಅಂತ ಕೇಳಬೇಡಿ, ಚೆನ್ನಾಗಿಯೇ ನಡೆಯಿತು.

ಅತ್ತೆ ಆಲೂರು ಕಡೆಯಿಂದ ಮದುವೆಯಾಗಿ ಬಂದವರು. ನಮ್ಮದು ದೊಡ್ಡ ಎಸ್ಟೇಟ್ ಏನಲ್ಲ, ಮನೆಯವರೇ ನಿಂತು ದುಡಿಯುವಷ್ಟು ಕಾಫಿ ತೋಟ, ಒಂದು ತುಂಡು ಗದ್ದೆ, ಕೊಟ್ಟಿಗೆಯಲ್ಲಿ ಹಸು. ಆದರೆ ಸುತ್ತಿನ ಊರುಗಳಲ್ಲಿ ಅತ್ತೆಗೆ ಇದ್ದ ಹೆಸರು ತೋಟದಿಂದ ಬಂದದ್ದಲ್ಲ. ಕೂಸಿಗೆ ನೀರು ಹಾಕುವುದು ಅಂದರೆ ಇಂದ್ರಮ್ಮನೇ ಹಾಕಬೇಕು ಅನ್ನುವ ಹೆಸರು ಅದು. ಯಾರ ಮನೆಯಲ್ಲಿ ಹೆರಿಗೆಯಾದರೂ ಇವರಿಗೆ ಕರೆ. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಬಚ್ಚಲಲ್ಲಿ ಮಣೆ ಹಾಕಿಕೊಂಡು, ಎರಡೂ ಕಾಲು ನೀಡಿ ಕೂತು, ಕೂಸನ್ನು ಕಣಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡರೆ ಸಾಕು, ಎಂಥ ಅಳುಬುರುಕ ಕೂಸೂ ಅರ್ಧ ಚೊಂಬು ನೀರಿಗೆ ಸುಮ್ಮನಾಗುತ್ತಿತ್ತು. ನಮ್ಮ ಮಾವ ಗುಂಡಯ್ಯನವರು ತೀರಿಕೊಂಡ ಮೇಲೆ ಒಂದೆರಡು ಮನೆಯವರು ಕರೆಯಲು ಹಿಂದುಮುಂದು ನೋಡಿದರಂತೆ. ಅತ್ತೆ ಕರೆಯದೆಯೇ ಹೋಗಿ ಬಚ್ಚಲಲ್ಲಿ ಕೂತರಂತೆ. ಮೀಸೆ ಬಂದ ಗಂಡಸರು ಎದುರಿಗೆ ಸಿಕ್ಕಿದರೆ, ನನ್ನ ಸೀರೆ ಎಷ್ಟು ಸಲ ಒದ್ದೆ ಮಾಡಿದೀಯ ನೆನಪೈತಾ ಅಂತ ನಾಲ್ಕು ಜನರ ನಡುವೆ ಕೇಳಿ ಮಾನ ಕಳೆಯುತ್ತಿದ್ದರು. ನನ್ನ ಮಗಳು ದೀಪಶ್ರೀ ಮೊದಲ ನೀರು ಕಂಡದ್ದೂ ಅದೇ ಕಾಲುಗಳ ಮೇಲೆ.

ಎರಡು ಸಾವಿರದ ಒಂದನೇ ಇಸವಿಯ ದೀಪಾವಳಿ. ಬೆಳಗಿನಿಂದ ಮನೆಮಂದಿಗೆಲ್ಲ ಎಣ್ಣೆಸ್ನಾನವಾಗಿ ಬಚ್ಚಲ ಚಪ್ಪಡಿ ಜಾರುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಕೊನೆಗೆ ತಾವು ಮೀಯಲು ಹೋದ ಅತ್ತೆ ಜೋರಾಗಿ ಕೂತರು. ಕೈ ಮುರಿದದ್ದು ದೊಡ್ಡದಲ್ಲ, ಅದು ಕೂಡಿಕೊಂಡಿತು. ದೊಡ್ಡದು ಆಮೇಲೆ ಗೊತ್ತಾಯಿತು. ಅತ್ತೆ ನಡೆಯುವಾಗ ಗೋಡೆ ಮುಟ್ಟತೊಡಗಿದರು. ನೆಲದ ಮೇಲೆ ಕೂತರೆ ಏಳಲು ಕಂಬವೋ ನನ್ನ ಭುಜವೋ ಬೇಕಾಯಿತು. ಅಂಗಳಕ್ಕೆ ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಯೋಚಿಸುವುದು ಬೇರೆ. ಇಷ್ಟೆಲ್ಲ ಊರಿಗೆ ಕಾಣಿಸದೆ ಇರುತ್ತದೆಯೇ? ಕೆಳಮನೆಯ ಶೀಲಾಗೆ ಗಂಡು ಮಗುವಾದಾಗ ಅವರು ನಮ್ಮ ಮನೆ ಕಡೆ ತಲೆಹಾಕಲಿಲ್ಲ. ಹೆಗ್ಗದ್ದೆಯಿಂದ ನೆಂಟರ ಪೈಕಿ ಒಬ್ಬ ಮುದುಕಿಯನ್ನು ಕರೆಸಿಕೊಂಡರು. ಬೆಳಿಗ್ಗೆ ಆ ಮನೆಯ ಬಚ್ಚಲಿನಿಂದ ಕೂಸಿನ ಅಳು ಕೇಳಿಸಿದಾಗ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ನೀರು ಬಿಸಿ ಹೆಚ್ಚಾಗಿದೆ ಅಂತಷ್ಟೇ ಅಂದು ಕಾಯಿ ಬಿಡಿಸುವುದನ್ನು ಮುಂದುವರಿಸಿದರು. 

ಅದೇ ವಾರ ದೀಪಶ್ರೀಯ ಗಂಡನ ಮನೆಯಿಂದ ಸುದ್ದಿ ಬಂದಿತ್ತು. ಅವಳಿಗೆ ದಿನ ತುಂಬುವುದು ಬೇಸಿಗೆಯ ಕೊನೆಗೆ. ಚೊಚ್ಚಲ ಹೆರಿಗೆ, ತವರಿಗೇ ಬರಬೇಕು. ಅತ್ತೆ ಕೇಳಿದ ಕೂಡಲೇ ಘೋಷಿಸಿಬಿಟ್ಟರು, ಆ ಕೂಸಿಗೆ ನೀರು ಹಾಕುವುದು ತಾನೇ ಅಂತ. ನನ್ನ ಗಂಡ ವಸಂತ ಸಾಧು ಮನುಷ್ಯ, ಅಮ್ಮನಿಗೆ ಎದುರಾಡಿದವರಲ್ಲ. ಅವತ್ತು ಮಾತ್ರ ಅನ್ನದ ತಟ್ಟೆ ಮುಂದೆ ತಲೆ ತಗ್ಗಿಸಿಕೊಂಡೇ ಬೇಡ ಅಂದರು. ಮತ್ತೊಮ್ಮೆ ಬಿದ್ದರೆ ಅಮ್ಮನೂ ಹೋಗುತ್ತಾಳೆ ಕೂಸೂ ಹೋಗುತ್ತದೆ ಅಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಸಾರು ಬಡಿಸಿದೆ. ಏನು ಹೇಳಲಿ, ಇಬ್ಬರೂ ಸರಿ.

ಕೈ ತೋರಿಸಲು ಮತ್ತೆ ಸಕಲೇಶಪುರಕ್ಕೆ ಹೋದಾಗ ಗಂಗಾಮಣಿ ಡಾಕ್ಟ್ರಮ್ಮನ ಹತ್ತಿರ ನಾನೇ ವಿಷಯ ಎತ್ತಿದೆ. ಅವರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಊರದೆ ಏಳಿ ಅಂದರು. ಅತ್ತೆ ಮುಂದಕ್ಕೆ ಬಾಗಿ, ಹಿಂದಕ್ಕೆ ಬಾಗಿ, ಕಡೆಗೆ ಡಾಕ್ಟ್ರಮ್ಮನ ಮೇಜನ್ನೇ ಹಿಡಿದುಕೊಂಡರು. ಡಾಕ್ಟ್ರಮ್ಮ ನಗಲಿಲ್ಲ.

“ಅಜ್ಜಿ, ನಿಮ್ಮ ಮೂಳೆ ಸವೆದಿದೆ, ತೊಡೆಯಲ್ಲಿ ಬಲ ಇಲ್ಲ. ಇನ್ನೊಂದು ಸಲ ಬಿದ್ದರೆ ಮುರಿಯೋದು ಕೈಯಲ್ಲ, ಸೊಂಟ.”

ಬರೆದುಕೊಟ್ಟದ್ದು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೂಡಿರುವ ಮಾತ್ರೆ, ದಿನಾ ತಪ್ಪದೆ. ಅದರ ಜೊತೆಗೆ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಕಿಟಕಿ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ನಡೆಯುವುದು. ಅತ್ತೆಗೆ ಮೈ ಉರಿದುಹೋಯಿತು. ಜೀವಮಾನವೆಲ್ಲ ಗೊಬ್ಬರ ಹೊತ್ತು, ಸೌದೆ ಹೊತ್ತು, ಕಾಫಿ ಕುಯ್ದವಳಿಗೆ ಇಸ್ಕೂಲ್ ಮಕ್ಕಳ ಡ್ರಿಲ್ಲಾ ಅಂತ ವಾದಕ್ಕೆ ಇಳಿದರು. ಡಾಕ್ಟ್ರಮ್ಮ ಸಮಾಧಾನವಾಗಿ, ಆ ದುಡಿತ ಈಗ ನಿಂತಿದೆಯಲ್ಲ, ಕಾಲು ಅದನ್ನು ಮರೆತಿದೆ, ಮತ್ತೆ ಕಲಿಸಬೇಕು ಅಂದರು. ಕೂಸಿನ ವಿಚಾರಕ್ಕೆ, ನೆಲದಿಂದ ಕೈ ಊರದೆ ಎದ್ದು ತೋರಿಸಿದರೆ ಆಮೇಲೆ ಯೋಚಿಸೋಣ ಅಂದರು. ಅತ್ತೆಗೆ ಅಷ್ಟು ಸಾಕಾಯಿತು.

ಮಾರನೆಯ ಬೆಳಿಗ್ಗೆಯಿಂದ ನಮ್ಮ ಜಗಲಿ ಅವರದಾಯಿತು. ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು ಡಾಕ್ಟ್ರಮ್ಮನಿಗೆ ವ್ಯಾಯಾಮವಿರಬಹುದು, ಅತ್ತೆಗೆ ಅದು ಅಳತೆ. ಕಾಫಿ ಗಿಡ ನೆಡುವಾಗ ಗುಂಡಿಗಳ ಅಂತರವನ್ನು ಹಾಗೇ ಪಾದ ಇಟ್ಟು ಅಳೆದವರು ಅವರು. ಜಗಲಿ ಅಳೆದರು, ಒಣಹಾಕುವ ಕಣ ಅಳೆದರು, ಕೊಟ್ಟಿಗೆ ಅಳೆದು ನಿಮ್ಮಪ್ಪ ಇದನ್ನು ಸೊಟ್ಟಗೆ ಕಟ್ಟಿಸಿದ್ದಾರೆ ಅಂತ ಮಗನಿಗೆ ವರದಿ ಕೊಟ್ಟರು. ಒಂಟಿಕಾಲಲ್ಲಿ ನಿಂತಾಗ ನಾನು ಕೊಕ್ಕರೆ ಅಂತ ರೇಗಿಸಿದರೆ, ಗದ್ದೆಯಲ್ಲಿ ಮೀನು ಇರುವವರೆಗೂ ಕೊಕ್ಕರೆಗೆ ಏನೂ ಆಗಲ್ಲ ಅನ್ನುವರು. ಮಾತ್ರೆಯನ್ನು ಮಾತ್ರ ನನ್ನೆದುರು ನುಂಗುತ್ತಿರಲಿಲ್ಲ. ಅಂಗೈಯಲ್ಲಿ ಹಿಡಿದುಕೊಂಡು, ಆಮೇಲೆ ಬೆಚ್ಚಗಿನ ನೀರಲ್ಲಿ ತಗೊಳ್ತೀನಿ ಅಂತ ಕೊಟ್ಟಿಗೆ ಕಡೆ ಹೋಗುತ್ತಿದ್ದರು. ನನಗೆ ಕಾಫಿ ಕುಯ್ಲಿನ ಗಡಿಬಿಡಿ, ಹಿಂದೆ ಹೋಗಿ ನೋಡಲಿಲ್ಲ.

ಶಿವರಾತ್ರಿ ಕಳೆದ ಮೇಲೆ ನಮ್ಮ ಹಸು ಚಂದ್ರಿ ಕರು ಹಾಕಿತು. ಜರ್ಸಿ ಬೆರಕೆಯ ಹಸು, ಹಾಲು ಜಾಸ್ತಿ. ಮಾರನೆಯ ಬೆಳಿಗ್ಗೆ ನೋಡಿದರೆ ನೆಲ ಹಿಡಿದಿದೆ. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿದ್ದು, ಎಬ್ಬಿಸಿದರೆ ಏಳದು, ಕಿವಿ ತಣ್ಣಗೆ. ದನದ ಡಾಕ್ಟರು ವೀರಭದ್ರಯ್ಯನವರು ಬೈಕಿನಲ್ಲಿ ಬಂದವರೇ, ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಕಮ್ಮಿಯಾಗಿ ಹೀಗಾಗಿದೆ ಅಂದು ಬಾಟಲಿ ತೆಗೆದು ಕತ್ತಿನ ನರಕ್ಕೆ ಸೂಜಿ ಏರಿಸಿದರು. ಹಸುವಿನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ಅತ್ತೆ ಒಪ್ಪಲಿಲ್ಲ.

“ಅದೆಂಗ್ ಕಮ್ಮಿ ಆಯ್ತದೆ ಡಾಕ್ಟ್ರೇ? ದಿನಾ ಬೆಳಿಗ್ಗೆ ನನ್ ಮಾತ್ರೇನೂ ಇದುಕ್ಕೇ ಕೊಡ್ತಾ ಇದೀನಲ್ಲ.”

ವೀರಭದ್ರಯ್ಯನವರು ನಗು ತಡೆದುಕೊಂಡು, ಈ ಗಾತ್ರದ ಪ್ರಾಣಿಗೆ ನಿಮ್ಮ ಮಾತ್ರೆ ಹಲ್ಲಿನ ಸಂದಿಗೂ ಸಾಲದು ತಾಯಿ ಅಂದರು. ವಿಷಯ ಒಂದೊಂದಾಗಿ ಹೊರಬಿತ್ತು. ಹಿಂದೆ ಯಾವತ್ತೋ ಇನ್ನೊಂದು ಹಸು ಹೀಗೇ ಬಿದ್ದಾಗ ಕ್ಯಾಲ್ಸಿಯಂ ಅನ್ನುವ ಹೆಸರನ್ನು ಅತ್ತೆ ಕೇಳಿದ್ದರು. ಅದು ದನದ ಔಷಧ ಅಂತ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟ್ರಮ್ಮ ಅದನ್ನು ಮನುಷ್ಯರಿಗೆ ಬರೆದಿದ್ದಾರೆ, ಇರಲಿ, ಗಬ್ಬದ ಹಸುವಿಗಾದರೂ ಆಗಲಿ ಅಂತ ಬೂಸಾದಲ್ಲಿ ಕಲಸಿ ಇಡುತ್ತಿದ್ದರು. ಒಂದೇ ಒಂದು ಮಾತ್ರೆ ಅವರ ಹೊಟ್ಟೆಗೆ ಹೋಗಿರಲಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. ಡಾಕ್ಟರು ಇದ್ದಾರೆ ಅನ್ನುವುದನ್ನೂ ಮರೆತು ಬಾಯಿಗೆ ಬಂದಂತೆ ಅಂದೆ. ಬೆಳಗಾದರೆ ಕೊಕ್ಕರೆ ಹಾಗೆ ನಿಂತು ನಮ್ಮ ಕಣ್ಣಿಗೆ ಮಣ್ಣೆರಚಿದಿರಾ ಅಂತ ಕೇಳಿದೆ. ಅತ್ತೆ ಎದುರಾಡಲಿಲ್ಲ. ಹಸುವಿನ ಕಿವಿಯನ್ನು ಉಜ್ಜುತ್ತಾ ಮೆಲ್ಲಗೆ ಹೇಳಿದರು.

“ಅದು ಕರ ಹಾಕ್ತದೆ, ಹಾಲು ಕೊಡ್ತದೆ. ಇನ್ಮೇಲೆ ನಾನೇನೇ ಕೊಡ್ತೀನಿ? ಇರೋ ಬಲ ಅದುಕ್ಕೇ ಸೇರ್ಲಿ ಅಂತ.”

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು, ಅಳು ಬಂತು. ಇಷ್ಟು ದಿನ ಗಂಡನ ಮಾತಿಗೂ ಅತ್ತೆಯ ಆಸೆಗೂ ನಡುವೆ ಸಾರು ಬಡಿಸಿಕೊಂಡು ಇದ್ದವಳು ನಾನು. ಅವತ್ತು ಸಗಣಿ ಮೇಲೇ ಅವರ ಪಕ್ಕ ಕೂತೆ.

“ನನ್ ಮೊಮ್ಮಗೂಗೆ ನೀರು ಹಾಕೋರು ಯಾರು ಅತ್ತೆ? ಚಂದ್ರಿ ಹಾಕ್ತಾಳಾ?”

ಅತ್ತೆ ನನ್ನನ್ನು ನೋಡಿದರು. ಬಾಟಲಿ ಖಾಲಿಯಾಗಿ ಸ್ವಲ್ಪ ಹೊತ್ತಿಗೆ ಚಂದ್ರಿ ಮೈ ನಡುಗಿಸಿತು, ಸಗಣಿ ಹಾಕಿತು, ಮುಂಗಾಲು ಊರಿ ತಡವರಿಸಿ ಎದ್ದು ನಿಂತಿತು. ಅತ್ತೆ ಬಾಯಿ ತೆರೆದುಕೊಂಡು ನೋಡಿದರು. ವೀರಭದ್ರಯ್ಯನವರು ಕೈ ತೊಳೆಯುತ್ತಾ, ಇದರದ್ದು ಇದಕ್ಕೆ ಆಯ್ತು, ನಿಮ್ಮದು ನೀವು ನುಂಗಿ ಅಂದು ಹೋದರು. ಅವತ್ತಿನಿಂದ ಅತ್ತೆ ನನ್ನೆದುರಿಗೇ ಮಾತ್ರೆ ನುಂಗಿ, ನಾನು ಕೇಳದಿದ್ದರೂ ಬಾಯಿ ಅಗಲಿಸಿ ತೋರಿಸುತ್ತಿದ್ದರು. ನುಂಗಿದ ಮೇಲೆ ಕೊಟ್ಟಿಗೆಯ ಪಕ್ಕದ ಬಿಸಿಲಿಗೆ ಹೋಗಿ ಕರುವಿನ ಜೊತೆ ಕೂರುವರು.

ಕುರ್ಚಿಯಿಂದ ಏಳುವುದು ಸಲೀಸಾದ ಮೇಲೆ ಮಣೆ, ಮಣೆಯಾದ ಮೇಲೆ ನೆಲ. ಯುಗಾದಿ ಹೊತ್ತಿಗೆ ನೆಲದಿಂದ ಕೈ ಊರದೆ ಎದ್ದರು. ನನ್ನ ಗಂಡನನ್ನು ತೋಟದಿಂದ ಕರೆಸಿ ಎದ್ದು ತೋರಿಸಿದರು. ಗಂಡ ಮಾತ್ರ, ಬರಿಗೈಯಲ್ಲಿ ಏಳುವುದು ಬೇರೆ, ಕೂಸು ಹಿಡಿದು ಏಳುವುದು ಬೇರೆ ಅಂತ ತಲೆ ಕೆರೆದುಕೊಂಡರು. ಅತ್ತೆ ಸೀದಾ ಅಟ್ಟದ ಕೆಳಗೆ ಇಟ್ಟಿದ್ದ ಕುಂಬಳಕಾಯಿಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿ, ಹುಟ್ಟಿದ ಕೂಸಿನ ತೂಕದ್ದನ್ನು ಆರಿಸಿದರು. ಅದನ್ನು ಹಳೇ ಸೀರೆ ತುಂಡಿನಲ್ಲಿ ಸುತ್ತಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕಣಕಾಲ ಮೇಲೆ ಮಲಗಿಸಿ, ಚೊಂಬಿನಿಂದ ನೀರು ಹಾಕಿ, ಒರೆಸಿ, ಎತ್ತಿಕೊಂಡು ಏಳುವುದು. ದಿನವೂ ಇದೇ. ಒಂದು ದಿನ ಕುಂಬಳಕಾಯಿ ಜಾರಿ ಚಪ್ಪಡಿಗೆ ಬಿದ್ದು ಒಡೆಯಿತು. ನಾನು ಸಾರು ಮಾಡಿದೆ. ಅತ್ತೆ ಮುಟ್ಟಲಿಲ್ಲ. ನಿನ್ನೆವರೆಗೂ ನೀರು ಹಾಕಿದ್ದನ್ನು ತಿನ್ನಕ್ಕಾಯ್ತದಾ ಅಂತ ಮೊಸರನ್ನ ಉಂಡು ಎದ್ದರು. ಮಾರನೆಯ ದಿನ ಬೇರೆ ಕಾಯಿ ಬಂತು.

ಅಷ್ಟು ಹೊತ್ತಿಗೆ ನನ್ನ ಗಂಡನ ಮನಸ್ಸೂ ಮೆತ್ತಗಾಗಿತ್ತು. ಒರಳುಕಲ್ಲು ಕುಟ್ಟುವವನು ಊರಿಗೆ ಬಂದಾಗ ಅವನಿಂದ ಬಚ್ಚಲ ಚಪ್ಪಡಿಗೆಲ್ಲ ಉಳಿಯೇಟು ಹಾಕಿಸಿ ತರಿತರಿ ಮಾಡಿಸಿದರು. ಗೋಡೆಗೆ ಒಂದು ಕಬ್ಬಿಣದ ಹಿಡಿಯನ್ನೂ ಜಡಿದರು. ಅತ್ತೆ ಅದಕ್ಕೆ ಟವೆಲ್ ನೇತುಹಾಕಿದರು.

ಮುಂಗಾರಿಗೆ ಮೊದಲು ದೀಪಶ್ರೀಗೆ ಹೆಣ್ಣು ಮಗುವಾಯಿತು. ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ನೀರು ಹಾಕುವ ಬೆಳಿಗ್ಗೆ ಹಂಡೆಗೆ ಉರಿ ಹಾಕಿದವರು ಅತ್ತೆಯೇ. ನನ್ನ ಗಂಡ ಬಾಗಿಲ ಹೊರಗೆ ಕತ್ತಿ ಮಸೆಯುವ ನೆಪದಲ್ಲಿ ಕೂತಿದ್ದರು, ಮಸೆಯುವ ಸದ್ದು ಮಾತ್ರ ಇರಲಿಲ್ಲ. ಅತ್ತೆ ಮಣೆಯ ಮೇಲೆ ಕೂತು ಕಾಲು ನೀಡಿದರು. ಮೊಣಕೈ ಅದ್ದಿ ನೀರಿನ ಹದ ನೋಡಿದರು. ಕೂಸನ್ನು ನಾನು ಕಣಕಾಲ ಮೇಲೆ ಮಲಗಿಸಿದೆ. ಮೊದಲ ಚೊಂಬಿಗೆ ಚೀರಿತು, ಎರಡನೆಯದಕ್ಕೆ ಮುಖ ಕಿವುಚಿತು, ಆಮೇಲೆ ಸುಮ್ಮನಾಯಿತು. ಎಣ್ಣೆ, ಕಡಲೆಹಿಟ್ಟು, ಕತ್ತಿನ ಸಂದು, ಕಂಕುಳ ಸಂದು, ಎಲ್ಲಾ ಕಡೆ ಆ ಬೆರಳುಗಳು ತಾವಾಗಿಯೇ ಓಡಾಡಿದವು. ನನಗೆ ನನ್ನ ಬಾಣಂತನ ನೆನಪಾಯಿತು. ಎಷ್ಟೇ ಜಗಳವಾಡಲಿ, ಈ ಹೆಂಗಸಿನ ಮೇಲೆ ನನಗೆ ಎಷ್ಟು ಪ್ರೀತಿ ಅಂತ ಅವತ್ತು ನನಗೇ ಗೊತ್ತಾಯಿತು.

ಮೈ ಒರೆಸಿ, ಹಳೇ ಪಂಚೆಯಲ್ಲಿ ಸುತ್ತಿ ಆಯಿತು. ಇನ್ನು ಏಳಬೇಕು. ಇಷ್ಟು ತಿಂಗಳು ಕಾದದ್ದು ಈ ಗಳಿಗೆಗೇ. ನಾನು ಬಾಗಿ ಅವರ ರಟ್ಟೆ ಹಿಡಿಯಲು ಹೋದೆ. ಅತ್ತೆ ನನ್ನ ಕೈ ಸರಿಸಿ, ಕೂಸನ್ನು ಎತ್ತಿ ನನ್ನ ಮುಂದೆ ಹಿಡಿದರು.

“ನನ್ ಬುಡು. ಕೂಸ್ನ ಹಿಡ್ಕೊ.”

ನಾನು ಗೊತ್ತಾಗದೆ ನಿಂತೆ. ಕುಂಬಳಕಾಯಿ ಹಿಡಿದು ದಿನಾ ಏಳುತ್ತಿದ್ದಿರಲ್ಲ ಅತ್ತೆ ಅಂದೆ.

“ಕುಂಬಳಕಾಯಿ ಒಡೆದ್ರೆ ಸಾರು ಮಾಡ್ದೆ. ಇದುಕ್ಕೇನ್ ಮಾಡ್ತೀಯ? ನಾನು ಒಂದ್ಸಲ ಬಿದ್ದೋಳು ಕಣೆ, ದ್ರಾಕ್ಷಾಯಣಿ. ಹಿಡ್ಕೊ.”

ಹೊರಗೆ ನನ್ನ ಗಂಡ ಎದ್ದು ನಿಂತದ್ದು ಗೊತ್ತಾಯಿತು. ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. ಅತ್ತೆ ಕಾಲು ಮಡಚಿ, ಪಾದ ಊರಿ, ನನ್ನನ್ನಾಗಲೀ ಗೋಡೆಯನ್ನಾಗಲೀ ಆ ಕಬ್ಬಿಣದ ಹಿಡಿಯನ್ನಾಗಲೀ ಮುಟ್ಟದೆ ಎದ್ದು ನಿಂತರು. ಒದ್ದೆಯಾದ ಸೀರೆಯ ನೆರಿಗೆ ಹಿಂಡುತ್ತಾ, ನೀರು ಆರುತ್ತಿದೆ, ಬಾಣಂತಿಯನ್ನು ಬೇಗ ಕಳಿಸು ಅಂತ ನನ್ನನ್ನು ಗದರಿದರು.