ಪೋರ್ಟ್ 21ರ ಆಚೆ ಉಳಿದಿದ್ದ ದನಿ

ಕಡತಗಳನ್ನು ಜಾಲದ ಮೂಲಕ ಸಾಗಿಸುವ ಹಳೆಯ ಪದ್ಧತಿಯಾದ ಎಫ್‌ಟಿಪಿಯನ್ನು ಪ್ರಮುಖ ಬ್ರೌಸರ್‌ಗಳು ಕೈಬಿಟ್ಟದ್ದು 2021ರಲ್ಲಿ. ಎರಡು ಕಡೆ ತಾಳೆ ನೋಡಿ ಬರೆಯುತ್ತಿದ್ದೇನೆ. ಅದೇ ವರ್ಷ ನಾನು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಆಡುಮಾತಿನ ಸಮೀಕ್ಷೆಯ ಹಿರಿಯ ಸಂಶೋಧಕನಾಗಿ ಕೊಳ್ಳೇಗಾಲದಲ್ಲಿದ್ದೆ. ನಮ್ಮ ಧ್ವನಿಮುದ್ರಣಗಳು ಮೈಸೂರಿನ ಹಳೆಯ ಸರ್ವರ್‌ನಲ್ಲಿದ್ದವು. ಎಫ್‌ಟಿಪಿ ಪಾಸ್‌ವರ್ಡನ್ನೂ ಮರೆಮಾಚದೆ ಕಳುಹಿಸುವ ಪದ್ಧತಿ. ಆದ್ದರಿಂದ ಮುಖ್ಯ ಕಡತಗಳನ್ನು ಪೋರ್ಟ್ 22ರ ಸುರಕ್ಷಿತ ಎಸ್‌ಎಫ್‌ಟಿಪಿ ಮೂಲಕ ಹೊಸ ಸರ್ವರ್‌ಗೆ ಸಾಗಿಸಿ, ಹಳೆಯದನ್ನು ಅಳಿಸುವುದೆಂದು ತೀರ್ಮಾನವಾಗಿತ್ತು. ಅಳಿಸುವ ದಿನ ಶುಕ್ರವಾರವೆಂದು ನನ್ನ ನೆನಪು. ಆ ದಿನ ಇಳಿಸಿಕೊಂಡ ಒಂದು ಕಡತದ ಮೇಲಿನ ದಿನಾಂಕ ಗುರುವಾರವೆನ್ನುತ್ತದೆ. ಅದೇ ಸರಿ.

ಆ ಮಧ್ಯಾಹ್ನ ರೇಷ್ಮೆ ನೇಯುವ ರಂಗಣ್ಣ ನಮ್ಮ ಕಚೇರಿಗೆ ಬಂದರು. ಮಗ್ಗದಲ್ಲಿ ಮುಗಿದ ಹಾಸಿನ, ಅಂದರೆ ಉದ್ದೆಳೆಗಳ, ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದ ಅವರ ಹೆಂಡತಿ ಜಯಮ್ಮನ ಮಾತನ್ನು ಹಿಂದೆ ಧ್ವನಿಮುದ್ರಿಸಿಕೊಂಡಿದ್ದೆ. ಆಕೆ ತೀರಿಕೊಂಡು ಕೆಲವು ತಿಂಗಳಾಗಿತ್ತು.

“ಅವಳ ದನಿ ಒಂದ್ಸಲ ಕೇಳ್ಸಿ ಸಾ. ಬದ್ಕಿದ್ದಾಗ ಸಾಕು ಸುಮ್ಕಿರಮ್ಮಿ ಅಂತಿದ್ದೆ.”

ಪಕ್ಕದ ಮಗ್ಗದ ಸದ್ದು ಹೆಚ್ಚು, ವಿಶ್ಲೇಷಣೆಗೆ ಒದಗದು ಎಂದು ಆ ಕಡತವನ್ನು ಹಳೆಯ ಸರ್ವರ್‌ನಲ್ಲೇ ಬಿಟ್ಟಿದ್ದೆವು. ಸಂಜೆಯಾದರೆ ಅದು ಇರುವುದಿಲ್ಲ.

ಪೋರ್ಟ್ ಎಂದರೆ ಒಂದೇ ಯಂತ್ರದಲ್ಲಿ ಬೇರೆ ಬೇರೆ ಸೇವೆಗಳಿಗೆ ಗೊತ್ತುಮಾಡಿದ ಬಾಗಿಲಿನ ಸಂಖ್ಯೆ: ಜಾಲತಾಣಕ್ಕೆ 80, ಅದರ ಸುರಕ್ಷಿತ ರೂಪಕ್ಕೆ 443, ಇಮೇಲ್ ರವಾನೆಗೆ 25. ಎಫ್‌ಟಿಪಿಗೆ ಎರಡು ಬಾಗಿಲು ಬೇಕು. 21ರಲ್ಲಿ ಆದೇಶ, ಇನ್ನೊಂದರಲ್ಲಿ ಕಡತ. ನನಗೆ ಲಾಗಿನ್ ಆಯಿತು, ಕಡತ ಬರಲಿಲ್ಲ.

“ಒಳಗವ್ಳಾ ಸಾ?” ಎಂದರು ರಂಗಣ್ಣ.

“ಇದ್ದಾರೆ. ಸರ್ವರ್ ಉತ್ತರ ಕೊಡುತ್ತಿದೆ, ಕಡತ ಮಾತ್ರ ಬರುತ್ತಿಲ್ಲ.”

“ಮುನುಸ್ಕಂಡ್ರೆ ಇಂಗೇ ಕಣ್ಸಾ ಅವ್ಳು. ಕೂಗುದ್ರೆ ಊಂ ಅಂತಾಳೆ, ಈಚೆ ಬರಕಿಲ್ಲ.”

ಮೈಸೂರಿನ ಜಾಲ ನಿರ್ವಾಹಕಿ ಶೈಲಜಾ ಅವರಿಗೆ ಫೋನ್ ಮಾಡಿದೆ.

“21 ತೆರೆದೇ ಇದೆಯಲ್ಲ ಸರ್?”

“ಅದು ಸರಿಯಿದೆ. ಪ್ಯಾಸಿವ್ ಪೋರ್ಟ್‌ಗಳನ್ನು ಮುಚ್ಚಿದ್ದೀರಿ.”

ಪ್ಯಾಸಿವ್ ವಿಧಾನದಲ್ಲಿ ಕಡತಕ್ಕಾಗಿ ಯಾವ ಬಾಗಿಲಿಗೆ ಬರಬೇಕೆಂದು ಸರ್ವರೇ ಹೇಳುತ್ತದೆ. ಅದು ಹೇಳುತ್ತಿದ್ದ ಬಾಗಿಲುಗಳನ್ನು ಫೈರ್‌ವಾಲ್ ಬೆಳಿಗ್ಗೆಯೇ ಮುಚ್ಚಿತ್ತು.

“ಅವಸರದಲ್ಲಿ ಹಾಗಾಯ್ತು ಸರ್. ಸ್ವಲ್ಪ ಹೊತ್ತು ತೆರೀತೀನಿ, ಬೇಗ ತಗೊಳ್ಳಿ.”

ಕಡತ ಬಂತು. ಮಗ್ಗದ ಸದ್ದಿನ ನಡುವೆ ಎಳೆ ಹೊಸೆಯುವ ಬಗೆಯನ್ನು ನನಗೆ ವಿವರಿಸುತ್ತಿದ್ದ ಜಯಮ್ಮ, ಮಾತು ನಿಲ್ಲಿಸಿ ಗಂಡನನ್ನು ಕೂಗಿದರು: “ಕಾಪಿ ಆರೋಯ್ತದೆ, ಎದ್ದು ಬತ್ತೀಯಾ ಇಲ್ವಾ?”

“ಬಂದೆ ಇರಮ್ಮಿ,” ಎಂದ ರಂಗಣ್ಣ ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

ಸಂಶೋಧನೆಗೆ ಬೇಡವಾದದ್ದು ಯಾರಿಗೂ ಬೇಡವೆಂದಲ್ಲ. ಅಂದಿನಿಂದ ನಿವೃತ್ತಿಯವರೆಗೆ, ಯಾವ ಧ್ವನಿಮುದ್ರಣವನ್ನು ಅಳಿಸುವ ಮೊದಲೂ ಮಾತನಾಡಿದವರ ಮನೆಗೆ ಹೇಳಿ ಕಳುಹಿಸಿ, ಯಾರಾದರೂ ಬರುತ್ತಾರೇನೋ ಎಂದು ಕಾಯುತ್ತಿದ್ದೆ.